ಬೂದು ಅಕ್ಷರ

ಹಳೇ ಕಂಪ್ಯೂಟರನ್ನು ಗೋಣಿಚೀಲಕ್ಕೆ ತುಂಬುವ ಮೊದಲು
ಕೀಬೋರ್ಡು ಬೋರಲು ಹಾಕಿ ತಟ್ಟಿದೆ.
ಉದುರಿತು ಹತ್ತೊಂಬತ್ತು ವರ್ಷದ ಮಂಡಕ್ಕಿ,
ಒಂದಿಷ್ಟು ಮೆಣಸಿನಕಾಯಿ ಬೀಜ,
ಕಳೆದೇಹೋಯಿತೆಂದು ಅತ್ತಿದ್ದ ಮೂಗುಬೊಟ್ಟಿನ ತಿರುಪು.
ಅಕಾರದ ಗುಂಡಿ ಸವೆದು ಬೋಳಾಗಿತ್ತು.

ಹೊಸದು ಬಂತು, ಛಾಪಾಕಾಗದದ ಕಟ್ಟಿನಷ್ಟು ತೆಳ್ಳಗೆ.
ದಾವಣಗೆರೆಯ ನೋಂದಣಿ ಕಚೇರಿ ಎದುರಿನ
ನಮ್ಮ ಆರಡಿ ಅಂಗಡಿಗೆ ಹೆಣ್ಣು ನೋಡಲು ಬಂದಂತೆ ಬಂದರು.

ಪತ್ರ ಬರೆಯುವ ಕೊಟ್ರಬಸಪ್ಪನವರು ಕನ್ನಡಕ ಏರಿಸಿ,
"ಇದೇನವ್ವಾ, ಸ್ಟಾರ್ಟ್ ಗುಂಡಿ ಮೂಲೆ ಬಿಟ್ಟು
ನಡುಮನಿಗೆ ಬಂದು ಕುಂತೈತಿ, ಬೀಗರಂಗೆ?"
ಝೆರಾಕ್ಸಿನ ರುದ್ರಮುನಿ ಹಿಂದೆ ಮುಂದೆ ತಡವಿ
ಎತ್ತು ಕೊಳ್ಳುವವನ ಹಾಗೆ ಎತ್ತಿ ಇಳಿಸಿ
"ಸೀಡಿ ಎಲ್ಲಿ ತುರುಕೋದು? ಹಲ್ಲು ನೋಡಾಣ ಅಂದ್ರೆ
ಬಾಯೇ ಇಲ್ಲ" ಎಂದು ಹೋದ.
ಚಹದ ಇಮ್ತಿಯಾಜ್ ಪರದೆ ಮುಟ್ಟಿದ, ಅದು ಸರಿಯಿತು.
ಗಾಬರಿಯಾಗಿ ಬೆರಳನ್ನು ಅಂಗಿಗೆ ಒರೆಸಿಕೊಂಡ,
ಮತ್ತೆ ಮುಟ್ಟಿದ.
ಅವತ್ತು ಕೇಳದೆಯೇ ನಾಲ್ಕು ಸಲ ಚಹ ಬಂತು.

ನನಗೋ, ಮುಖ ಕಂಡರೆ ಬಾಗಿಲು ತೆಗೆಯುವುದು ಹಿಡಿಸಿತು.
ಗಂಡನ ಮನೆಯಲ್ಲೂ ಯಾರೂ ಇಷ್ಟು ಬೇಗ
ನನ್ನ ಗುರುತು ಹಿಡಿದಿರಲಿಲ್ಲ.
ಹಿಡಿಸದ್ದೂ ಇತ್ತು: ನುಡಿಯಲ್ಲಿ ಹೊಡೆದ ಹಳೇ ಕಡತ ತೆರೆದರೆ
ಸರ್ವೆ ನಂಬರು ಮಾತ್ರ ನೆಟ್ಟಗೆ ನಿಂತು
ಮನುಷ್ಯರ ಹೆಸರೆಲ್ಲ ಇಂಗ್ಲಿಷಿನ ಹುಳಹುಪ್ಪಟೆ.
ಎರಡು ರಾತ್ರಿ ಕೂತು ಒಬ್ಬೊಬ್ಬರನ್ನೇ ಮನುಷ್ಯರು ಮಾಡಿದೆ.

ಮಂಗಳವಾರ ಆನಗೋಡು ಕಡೆಯ ಅಂಜಿನಮ್ಮ ಬಂದಳು
ಹಕ್ಕು ಬಿಡುಗಡೆ ಪತ್ರಕ್ಕೆ.
ಹೊರಗೆ ಬೇವಿನ ನೆರಳಲ್ಲಿ ಮೂವರು ಅಣ್ಣತಮ್ಮಂದಿರು,
ಎರಡು ಬೈಕು.
"ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು" ಎಂದು ಹೊಡೆದು
ಬೆರಳೆತ್ತಿರಲಿಲ್ಲ, ಮುಂದಿನದನ್ನು ತಾನೇ
ಬೂದುಬಣ್ಣದಲ್ಲಿ ಬರೆದು ತೋರಿಸಿತು:
ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ

ಹೊಸ ಸೌಲಭ್ಯವಂತೆ. ಒಪ್ಪಿದರೆ ಟ್ಯಾಬ್ ಒತ್ತಬೇಕು,
ಬೂದು ಕಪ್ಪಾಗುತ್ತದೆ.
"ಭಲೆ! ಲಾ ಓದಿದಂಗೈತಲ್ಲ!" ಕೊಟ್ರಬಸಪ್ಪನವರು ತೊಡೆ ತಟ್ಟಿದರು.
ಅಂಜಿನಮ್ಮ ಏಳನೇ ಕ್ಲಾಸಿನ ತನಕ ಓದಿದವಳು.
ಪರದೆಗೆ ಮುಖ ತಂದು ಅಕ್ಷರ ಅಕ್ಷರ ಕೂಡಿಸಿ
"ಇದಕ್ಕೆ ಹೆಂಗ್ ಗೊತ್ತಾತಕ್ಕ," ಅಂದಳು, "ನನ್ನ ಸಂತೋಷ?"

ಏನು ಹೇಳಲಿ.
ಅದು ಕಲಿತದ್ದು ನನ್ನಿಂದ.
ಹಳೇ ಡಿಸ್ಕಿನಿಂದ ಸುರಿದ ನಾಲ್ಕು ಸಾವಿರ ಪತ್ರ,
ಎಲ್ಲದರಲ್ಲೂ ಇದೇ ಸಾಲು, ಮುಖ ನೋಡದೆ ಹೊಡೆದದ್ದು.
ಕೆಲವರು ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದರು.
ಕೆಲವರಿಗೆ ಅಣ್ಣಂದಿರು ದೋಸೆ ತಿನ್ನಿಸಿ ಕರೆತರುತ್ತಿದ್ದರು,
ಬೆಣ್ಣೆಯ ಜಿಡ್ಡಿಗೆ ಶಾಯಿ ಹತ್ತದೆ
ಎರಡೆರಡು ಸಲ ಹೆಬ್ಬೆಟ್ಟು.

ಟ್ಯಾಬಿನ ಮೇಲೆ ಬೆರಳಿತ್ತು. ಒತ್ತಲಿಲ್ಲ.
ಹೊರಗೆ ಹಾರ್ನು.
"ಒಂದೀಟೊತ್ತು ಹಂಗೇ ಇರ್ಲಿ ಬಿಡಕ್ಕ" ಎಂದು
ಅಂಜಿನಮ್ಮ ಸ್ಟೂಲೆಳೆದು ಕೂತಳು, ಚಪ್ಪಲಿ ಕಳಚಿ.
ಇಮ್ತಿಯಾಜ್ ಎರಡು ಲೋಟ ಇಟ್ಟು ಹೋದ.
ನಾವು ಆರಿಸಿ ಆರಿಸಿ ಕುಡಿಯುವುದರೊಳಗೆ
ಪರದೆ ತಾನಾಗಿ ಮಂಕಾಗಿ ಬೀಗ ಹಾಕಿಕೊಂಡಿತು.
ಮುಖ ತೋರಿಸಿ ಎಂದಿತು.
ಬಗ್ಗಿದೆವು ಇಬ್ಬರೂ, ಕೆನ್ನೆಗೆ ಕೆನ್ನೆ ತಾಗುವಂತೆ.
ಯಾರಿಗೆ ತೆಗೆಯಬೇಕೋ ತಿಳಿಯದೆ
ಹುಡುಕುತ್ತಲೇ ಇತ್ತು ಅದು,
ಹಾರ್ನು ಇನ್ನೊಮ್ಮೆ ಆಗುವ ತನಕ.